ಪಾಮನಕಲ್ಲೂರಿನಿಂದ ಹೊರಟು: ಎಡೆದೊರೆ ನಾಡನ್ನು ಮೊದಲ ಸಲ ನೋಡುವವರಿಗೆ

ಹಂಪಿಗೆ ಬಂದವರು ಹೊಳೆ ದಾಟಿ ಆನೆಗೊಂದಿ ನೋಡಿ ಅಲ್ಲಿಂದಲೇ ತಿರುಗಿಬಿಡುತ್ತಾರೆ. ಅದರಾಚೆ, ತುಂಗಭದ್ರೆಗೂ ಕೃಷ್ಣೆಗೂ ನಡುವೆ ಹರಡಿರುವ ಎಡೆದೊರೆ ನಾಡಿಗೆ ಪ್ರವಾಸಿಗರು ಬರುವುದು ಅಪರೂಪ. ಚಾಲುಕ್ಯರು, ಚೋಳರು, ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಐನೂರು ವರ್ಷ ಕಾದಾಡಿದ್ದು ಇದೇ ನೆಲಕ್ಕಾಗಿ. ಏಕೆ ಕಾದಾಡಿದರು ಎಂಬುದು ಪುಸ್ತಕ ಓದಿದರೆ ಅರ್ಧ ತಿಳಿಯುತ್ತದೆ. ಎರೆಹೊಲ, ಕಲ್ಲುಗುಡ್ಡ, ಚಿನ್ನದ ಗಣಿ, ಕೋಟೆ, ನದಿಯ ಕಣಿವೆ ಇಷ್ಟನ್ನೂ ಒಂದೇ ಸುತ್ತಿನಲ್ಲಿ ಕಣ್ಣಾರೆ ನೋಡಿದರೆ ಉಳಿದರ್ಧವೂ ತಿಳಿಯುತ್ತದೆ.

ಆ ಸುತ್ತನ್ನು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಿಂದ ಶುರುಮಾಡಿ ಎನ್ನುತ್ತೇನೆ. ಇದು ಪ್ರವಾಸಿ ತಾಣವಲ್ಲ, ದುಡಿಯುವ ರೈತರ ಊರು. ನಾಡಿನ ಗುಣ ಗೊತ್ತಾಗುವುದು ಇಂಥ ಊರಿನಲ್ಲಿಯೇ. ಬೆಂಗಳೂರಿನಿಂದ ಬರುವವರಿಗೂ, ಪಕ್ಕದ ಹಳ್ಳಿಯಲ್ಲಿದ್ದೂ ಮಸ್ಕಿಯ ಅಶೋಕನ ಶಾಸನವನ್ನು ಇನ್ನೂ ನೋಡದವರಿಗೂ ಈ ಬರಹ ಅನ್ವಯಿಸುತ್ತದೆ. ಮೂರು ದಿನ ಕೈಯಲ್ಲಿದ್ದರೆ ಸಾಕು.

ಹಂತ 1: ಕಾಲ ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಂಡೆಗಲ್ಲು ಹಗಲಿಡೀ ಕಾದು ರಾತ್ರಿಯೂ ಆರುವುದಿಲ್ಲ. ಅಂಥ ದಿನದಲ್ಲಿ ಗುಡ್ಡ ಹತ್ತುವುದು ಸಾಹಸವಲ್ಲ, ಅಪಾಯ. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿಯುವುದನ್ನು ನೋಡುವ ಆಸೆ ಸಹಜ. ಆದರೆ ಆಗ ಎರೆಮಣ್ಣಿನ ಹೊಲದಾರಿಯಲ್ಲಿ ಕಾಲಿಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಬೈಕಿನ ಗಾಲಿಯೂ ತಿರುಗುವುದಿಲ್ಲ.

ಚಳಿಗಾಲದಲ್ಲಿ ಇನ್ನೊಂದು ಲಾಭವಿದೆ. ಬಿಳಿಜೋಳ, ಕಡಲೆ, ತೊಗರಿ ಹೊಲದಲ್ಲಿರುತ್ತವೆ. ಎಳ್ಳಮಾವಾಸ್ಯೆ ಬರುವುದೂ ಆಗಲೇ. ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲೇ ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುವ ಹಬ್ಬ ಅದು. ಕರೆದರೆ ಸಂಕೋಚಪಡದೆ ಕೂತು ಉಣ್ಣಿ.

ಹಂತ 2: ಬರುವ ದಾರಿ, ತಂಗುವ ಜಾಗ

ಜೇವರ್ಗಿಯಿಂದ ಚಾಮರಾಜನಗರದವರೆಗಿನ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ಸಾಲಿನಲ್ಲಿ ಕಟ್ಟಿದೆ. ಬಳ್ಳಾರಿ ಕಡೆಯಿಂದ ಬರುವವರು ಸಿಂಧನೂರಿನ ಮೇಲೆ, ಕಲಬುರಗಿ ಕಡೆಯವರು ಲಿಂಗಸುಗೂರಿನ ಮೇಲೆ ಬರಬಹುದು. ರೈಲಿಗೆ ರಾಯಚೂರು ಹಳೆಯ, ದೊಡ್ಡ ನಿಲ್ದಾಣ. 2024ರಿಂದ ಹುಬ್ಬಳ್ಳಿ ಕಡೆಯಿಂದ ಸಿಂಧನೂರಿಗೂ ರೈಲು ಬಂದಿದೆ.

ಪಾಮನಕಲ್ಲೂರಿನಲ್ಲಿ ಪರಿಚಯದವರ ಮನೆಯಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಲಿಂಗಸುಗೂರಿನಲ್ಲೋ ಸಿಂಧನೂರಿನಲ್ಲೋ ಲಾಡ್ಜ್ ಹಿಡಿಯಿರಿ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಹೆದ್ದಾರಿಯಲ್ಲಿ ಸಾಕಷ್ಟಿವೆ; ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲ. ಒಳಹಳ್ಳಿಗಳಿಗೆ ಮಾತ್ರ ಬಸ್ಸು ಕಡಿಮೆ. ಮುಂದೆ ಬರುವ ವಟಗಲ್, ಜಲದುರ್ಗದಂಥ ಜಾಗಕ್ಕೆ ಸ್ವಂತ ಬೈಕ್ ಅಥವಾ ಬಾಡಿಗೆ ಗಾಡಿ ಬೇಕೇ ಬೇಕು.

ಚೀಲದಲ್ಲಿ ಇರಬೇಕಾದ್ದು ಇಷ್ಟೇ: ತಲೆಗೆ ಸುತ್ತಲು ಟವೆಲ್, ಹಿಡಿತ ಇರುವ ಬೂಟು, ಒಬ್ಬರಿಗೆ ಕನಿಷ್ಠ ಮೂರು ಲೀಟರ್ ನೀರು, ಟಾರ್ಚ್, ದುರ್ಬೀನು ಇದ್ದರೆ ದುರ್ಬೀನು. ಚಿಲ್ಲರೆ ಹಣವೂ ಇರಲಿ.

ಹಂತ 3: ಮೊದಲ ಮುಂಜಾನೆ ಹೊಲದಲ್ಲಿ ನಡೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಕೋಟೆ, ಗುಡಿ ಎಂದು ಓಡುವ ಮೊದಲು ಒಂದು ಬೆಳಗು ಪಾಮನಕಲ್ಲೂರಿನ ಸುತ್ತಲಿನ ಬಂಡಿದಾರಿಯಲ್ಲಿ ನಡೆಯಿರಿ. ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ.

ಎರೆಭೂಮಿ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆ ನೋಡಿ. ಕಪ್ಪು ನೆಲದಲ್ಲಿ ಜೋಳ, ಕಡಲೆ, ಹತ್ತಿ. ಕೆಂಪು ನೆಲದಲ್ಲಿ ಸಜ್ಜೆ, ಶೇಂಗಾ. ಚಳಿಗಾಲಕ್ಕೆ ದೂರದ ಉತ್ತರದಿಂದ ಬರುವ ಸೆಳೆವ ಹಕ್ಕಿಗಳು ಹೊಲದ ಮೇಲೆ ತೀರ ತಗ್ಗಾಗಿ ತೇಲುತ್ತಾ ಬೇಟೆ ಹುಡುಕುತ್ತವೆ. ಗೌಜಲಹಕ್ಕಿ ಕೂಗು, ನವಿಲಿನ ಕೂಗು ಕೇಳುತ್ತದೆ. ಕೆಲವೊಮ್ಮೆ ಚಿಗರಿ ಹಿಂಡೂ ಕಾಣುತ್ತದೆ. ನೋಡುವವರಿಗೆ ಅದು ಸಂಭ್ರಮ, ಬೆಳೆ ಕಾಯುವ ರೈತನಿಗೆ ಸಂಕಟ. ಅವುಗಳ ಬೆನ್ನು ಹತ್ತಿ ಹೊಲ ತುಳಿಯಬೇಡಿ.

ನೀರನ್ನೂ ಗಮನಿಸಿ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಈ ಕಡೆ ಬಂದರೆ ಬಹುಪಾಲು ಮಳೆ ನಂಬಿದ ಬೇಸಾಯ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಆಗಲಿ ಎಂದು ರೈತರು 2020ರ ಕೊನೆಯಲ್ಲಿ ಧರಣಿ ಶುರುಮಾಡಿ ತಿಂಗಳುಗಟ್ಟಲೆ ಕೂತದ್ದು ಇದೇ ಪಾಮನಕಲ್ಲೂರಿನಲ್ಲಿ. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಗಿತ್ತು. ಹಿಂದೆ ರಾಜರು ಎರಡು ನದಿಗಳ ನಡುವಿನ ನೆಲಕ್ಕಾಗಿ ಕಾದಾಡಿದರು. ಅದೇ ನೆಲದ ರೈತ ಇಂದಿಗೂ ಆ ನದಿಗಳ ನೀರಿಗಾಗಿ ಕಾಯುತ್ತಿದ್ದಾನೆ. ಇದನ್ನು ತಿಳಿಯದೆ ಇಲ್ಲಿನ ಕೋಟೆಗಳ ಫೋಟೊ ತೆಗೆದುಕೊಂಡು ಹೋದರೆ ನಾಡನ್ನು ನೋಡಿದಂತಾಗಲಿಲ್ಲ.

ದಾರಿ ಕೇಳುವಾಗ ಗಾಡಿಯ ಗಾಜಿಳಿಸಿ ಕೂಗಬೇಡಿ. ಇಳಿದು ಹತ್ತಿರ ಹೋಗಿ. “ತಾತಾ, ಶಾಸನದ ಗುಡ್ಡಕ್ಕ ದಾರಿ ಯಾವ್ದ್ರೀ?” ಎಂದರೆ ದಾರಿಯ ಜತೆಗೆ ಕತೆಯೂ ಸಿಗುತ್ತದೆ. ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಅಕ್ಕ, ಅವ್ವ ಎಂದು ಮಾತಾಡಿಸಿ. ಕೇಳದೆ ಅವರ ಫೋಟೊ ತೆಗೆಯಬೇಡಿ.

ಹಂತ 4: ಮಸ್ಕಿಯ ಶಾಸನದ ಮುಂದೆ ಅರ್ಧ ದಿನ ಕೂರಿ

ಈ ಪ್ರವಾಸದಲ್ಲಿ ಒಂದೇ ಜಾಗಕ್ಕೆ ಹೋಗಲು ಸಾಧ್ಯ ಎಂದಾದರೆ ಇದೇ ಆಗಲಿ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ದೇಶದ ಬಂಡೆ, ಕಂಬಗಳ ಮೇಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಸಿಕ್ಕವು. ಆ ರಾಜ ಅಶೋಕನೇ ಇರಬೇಕೆಂದು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ವಿದ್ವಾಂಸರು ಊಹಿಸಿದ್ದರು. ಬಂಡೆಯೇ ಹೆಸರು ಹೇಳಲು 1915ರವರೆಗೆ ಕಾಯಬೇಕಾಯಿತು. ಆ ವರ್ಷ ಮಸ್ಕಿಯ ಗುಡ್ಡದ ಗವಿಯೊಂದರಲ್ಲಿ, ಈ ಭಾಗದಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಅಕ್ಷರಗಳು ಬಿದ್ದವು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ. ಮೊದಲ ಸಾಲಿನಲ್ಲೇ ದೇವಾನಾಂಪ್ರಿಯನ ಜತೆಗೆ ಅಶೋಕನ ಹೆಸರಿತ್ತು. ಆಮೇಲೆ ಮಧ್ಯಪ್ರದೇಶದ ಗುಜ್ಜರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂಗಳಲ್ಲಿ ಹೆಸರಿರುವ ಶಾಸನಗಳು ಸಿಕ್ಕವು. ಮೊದಲನೆಯ ಸಾಕ್ಷಿ ಮಾತ್ರ ಮಸ್ಕಿಯದೇ.

ಹೋಗುವುದು ಹೀಗೆ. ಮಸ್ಕಿಯಲ್ಲಿ ಇಳಿದು ‘ಅಶೋಕನ ಶಾಸನ’ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಹಳೆಯ ವರದಿಗಳು ದುರ್ಗದ ಗುಡ್ಡ ಎಂದು ಕರೆದಿರುವ ಗುಡ್ಡದ ಪಶ್ಚಿಮದ ಇಳಿಜಾರಿನಲ್ಲಿ, ದೊಡ್ಡ ಗುಂಡುಗಳ ನಡುವಿನ ಆಸರೆಯಲ್ಲಿ ಶಾಸನವಿದೆ. ಹೆಚ್ಚು ಹತ್ತಬೇಕಿಲ್ಲ, ಮಕ್ಕಳೂ ಹೋಗಬಹುದು. ಅಕ್ಷರಗಳು ಆಳವಾಗಿಲ್ಲ, ಕಲ್ಲೂ ಒರಟು. ಮೊದಲ ನೋಟಕ್ಕೆ ಏನೂ ಕಾಣದಿದ್ದರೆ ನಿರಾಶರಾಗಬೇಡಿ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಮುಖವನ್ನು ಪಕ್ಕಕ್ಕೆ ತಂದು ನೋಡಿ. ನಿಧಾನವಾಗಿ ಗೀರುಗಳು ಅಕ್ಷರಗಳಾಗುತ್ತವೆ. ನೀರು ಚಿಮುಕಿಸುವುದು, ಸೀಮೆಸುಣ್ಣ ತಿಕ್ಕುವುದು ಬೇಡವೇ ಬೇಡ. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಹೋಗುವ ಮುನ್ನ ಶಾಸನದ ಅರ್ಥವನ್ನು ಓದಿಕೊಂಡು ಹೋಗಿ. ಅಶೋಕ ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆದಿದೆ, ಸಂಘದ ಹತ್ತಿರ ಬಂದ ಮೇಲೆ ಹೆಚ್ಚು ಶ್ರಮಿಸಿದ್ದೇನೆ ಎನ್ನುತ್ತಾನೆ. ಈ ಎತ್ತರಕ್ಕೆ ದೊಡ್ಡವರು ಮಾತ್ರ ಏರಬಲ್ಲರು ಎಂದುಕೊಳ್ಳಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಅದು ದಕ್ಕುತ್ತದೆ, ಇದನ್ನು ಇಬ್ಬರಿಗೂ ಹೇಳಿ ಎನ್ನುತ್ತಾನೆ. ಪಾಟಲಿಪುತ್ರದ ಚಕ್ರವರ್ತಿ ಈ ದೂರದ ಗುಡ್ಡದಲ್ಲಿ ಸಾಮಾನ್ಯ ಜನರನ್ನು ನೆನೆದು ಈ ಮಾತು ಬರೆಸಿದ ಎಂಬುದನ್ನು ಅಲ್ಲೇ ಕೂತು ಯೋಚಿಸಬೇಕು. ಅದಕ್ಕೇ ಅರ್ಧ ದಿನ ಎಂದೆ.

ಗುಡ್ಡದ ಸುತ್ತಲಿನ ನೆಲವೂ ಬರಿ ನೆಲವಲ್ಲ. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇಲ್ಲಿ ಓಡಾಡಿ ಪ್ರಾಚೀನ ನೆಲೆ ಗುರುತಿಸಿದ್ದ. 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ಮಾಡಿದಾಗ ನವಶಿಲಾಯುಗದ ಕೊನೆಯ ಹಂತದಿಂದ ಮಧ್ಯಯುಗದವರೆಗಿನ ವಸತಿಯ ಪದರಗಳು ಸಿಕ್ಕವು. 11ನೇ ಶತಮಾನದ ಮೊದಲ ಭಾಗದಲ್ಲಿ ರಾಜೇಂದ್ರ ಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ಯುದ್ಧ ನಡೆದ ‘ಮುಸಂಗಿ’ ಇದೇ ಮಸ್ಕಿ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಮಡಕೆ ಚೂರು ಕಂಡರೆ ನೋಡಿ ಅಲ್ಲೇ ಬಿಡಿ.

ಹಂತ 5: ಸಂಜೆಗೆ ಮಲ್ಲಿಕಾರ್ಜುನನ ಬೆಟ್ಟ ಹತ್ತಿ

ಶಾಸನ ನೋಡಿ ಊರಲ್ಲಿ ಊಟ ಮುಗಿಸಿ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಸಿಗುತ್ತದೆ. ಸಂಜೆ ಚಹಾದಂಗಡಿಯಲ್ಲಿ ಒಗ್ಗರಣೆ, ಮಿರ್ಚಿ ತಿನ್ನದೆ ಮುಂದೆ ಹೋಗಬೇಡಿ.

ಬಿಸಿಲು ಇಳಿದ ಮೇಲೆ ಮಲ್ಲಿಕಾರ್ಜುನ ದೇವಸ್ಥಾನದ ಬೆಟ್ಟ ಹತ್ತಿ. ಈ ಭಾಗದ ಭಕ್ತರು ಇದನ್ನು ಎರಡನೇ ಶ್ರೀಶೈಲ ಎನ್ನುತ್ತಾರೆ. ಮೆಟ್ಟಿಲುಗಳಿವೆ, ಆತುರವಿಲ್ಲದೆ ಹತ್ತಿದರೆ ವಯಸ್ಸಾದವರಿಗೂ ಆಗುತ್ತದೆ. ಮೇಲಿನಿಂದ ಬಯಲು, ಊರು, ದೂರದ ಗುಡ್ಡಗಳು ಕಾಣುತ್ತವೆ. ಮೆಟ್ಟಿಲು ಬಿಟ್ಟು ಬಂಡೆಗಳ ಸಂದಿಗೆ ಹೋಗಬೇಡಿ. ಇಂಥ ಗುಡ್ಡಗಳ ಗವಿ, ಪೊಟರೆಗಳು ಹಾವಿಗೆ, ಜೇನಿಗೆ, ಒಮ್ಮೊಮ್ಮೆ ಕರಡಿ, ಚಿರತೆಗೂ ಮನೆ. ಕತ್ತಲಾಗುವ ಮುನ್ನ ಇಳಿಯಿರಿ.

ಸಮಯ ಉಳಿದರೆ ಮಾರಲದಿನ್ನಿ ಹತ್ತಿರದ ಮಸ್ಕಿ ನಾಲಾ ಜಲಾಶಯಕ್ಕೆ ಹೋಗಿಬನ್ನಿ. ನೀರಿಗೆ ಇಳಿಯಬೇಡಿ, ದಂಡೆಯಲ್ಲಿ ಕೂತು ಹಕ್ಕಿ ನೋಡಿ.

ಹಂತ 6: ಅಶೋಕನಿಗಿಂತ ಹಳೆಯದನ್ನು ಹುಡುಕಿ

ಪಾಮನಕಲ್ಲೂರಿಗೆ ಹತ್ತಿರದ ವಟಗಲ್‌ನಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಉತ್ಖನನ ನಡೆದು, ನವಶಿಲಾಯುಗದ ಜನರ ವಸತಿ, ಸಮಾಧಿಗಳು ಬೆಳಕಿಗೆ ಬಂದವು. ಮುದಗಲ್ಲಿನ ಕಡೆಯ ಪಿಕಳಿಹಾಳದಲ್ಲಿ ಎಫ್.ಆರ್. ಆಲ್ಚಿನ್ ಅಗೆದು 1960ರಲ್ಲಿ ಪುಸ್ತಕ ಪ್ರಕಟಿಸಿದರು. ಪಿಕಳಿಹಾಳದ ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರಗಳೂ, ಕುಟ್ಟಿ ಮೂಡಿಸಿದ ರೂಪಗಳೂ ಇವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನ ಇದೇ ಗುಡ್ಡಗಳ ನೆರಳಲ್ಲಿ ಬಾಳಿದರು.

ಮೊದಲ ಸಲ ಬಂದವರು ಇಲ್ಲಿ ತಾವಾಗಿ ಏನೂ ಹುಡುಕಲಾರರು. ಊರಿನ ಶಾಲೆಯ ಮೇಷ್ಟ್ರನ್ನೋ ಕುರಿ ಕಾಯುವವರನ್ನೋ ಕೇಳಿ. ಕುರಿ ಕಾಯುವವರಿಗೆ ಪ್ರತಿ ಬಂಡೆಯೂ ಗೊತ್ತಿರುತ್ತದೆ. ಅರ್ಧ ದಿನ ಜತೆಗೆ ಬಂದವರಿಗೆ ಒಂದು ದಿನದ ಕೂಲಿ ಕೊಡುವುದು ಧರ್ಮ.

ಹಂತ 7: ಎರಡನೆಯ ದಿನ ಮುದಗಲ್ಲು

1398ರಲ್ಲಿ, 1406ರಲ್ಲಿ, ಮತ್ತೆ 1520ರಲ್ಲಿ ರಾಯಚೂರಿನ ಸುತ್ತ ನಡೆದ ಯುದ್ಧಗಳಲ್ಲಿ ಕೋಟೆಯ ಊರಾದ ಮುದಗಲ್ಲಿನ ಹೆಸರು ಮತ್ತೆ ಮತ್ತೆ ಬರುತ್ತದೆ. 1565ರ ರಕ್ಕಸತಂಗಡಿ ಯುದ್ಧದ ನಂತರ ಇದು ಆದಿಲ್‌ಶಾಹಿಗಳ ಕೈಗೆ ಹೋಯಿತು.

ಕೋಟೆಯನ್ನು ಹೊರಗಿನಿಂದ ಶುರುಮಾಡಿ. ಮೊದಲು ಕಂದಕದ ಅಂಚಿನಲ್ಲಿ ನಡೆಯಿರಿ; ಅದರ ಅಗಲ ನೋಡಿದ ಮೇಲೆಯೇ ಒಳಗಿನ ಗೋಡೆಗಳ ಅರ್ಥ ಆಗುವುದು. ಬಳಿಕ ಬಾಗಿಲು. ದಾರಿ ನೇರವಾಗಿ ಒಳಕ್ಕೆ ಹೋಗುವುದಿಲ್ಲ, ತಿರುವಿಗೆ ಸಿಕ್ಕಿಸುತ್ತದೆ. ನುಗ್ಗಿ ಬಂದ ಆನೆ, ಕುದುರೆಗಳ ವೇಗ ಮುರಿಯಲು, ಮೇಲಿನಿಂದ ಬಾಣ, ಗುಂಡು ಸುರಿಸಲು ಮಾಡಿದ ಉಪಾಯ ಅದು. ಕೋಟೆಯ ಒಳಗೂ ಹೊರಗೂ ಜನವಸತಿ ಇದೆ. ಬುರುಜು ಹತ್ತುವಾಗ ಸಡಿಲ ಕಲ್ಲುಗಳ ಮೇಲೆ ಭಾರ ಹಾಕಬೇಡಿ.

ಮುದಗಲ್ಲಿಗೆ ಹೋಗಲು ಅತ್ಯುತ್ತಮ ಸಮಯ ಮೊಹರಂ. ಹಿಂದೂ, ಮುಸ್ಲಿಂ ಎನ್ನದೆ ಸುತ್ತಲಿನ ಹಳ್ಳಿಗಳೆಲ್ಲ ಸೇರುತ್ತವೆ. ಅಲಾಯಿ ದೇವರಿಗೆ ಹರಕೆ ಹೊತ್ತವರು ದೂರದಿಂದ ಬರುತ್ತಾರೆ. ತಿಥಿ ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ, ಪಂಚಾಂಗ ನೋಡಿ ಹೊರಡಿ. ಆಗ ಮುದಗಲ್ಲಿನಲ್ಲಿ ಉಳಿಯಲು ಜಾಗ ಸಿಗದು, ಲಿಂಗಸುಗೂರಿನಲ್ಲೇ ತಂಗಿ. ಊರಿನ ಹಳೆಯ ಕ್ಯಾಥೊಲಿಕ್ ಚರ್ಚ್ ನೋಡುವುದನ್ನೂ ಮರೆಯಬೇಡಿ. ಇಲ್ಲಿನ ಕ್ರೈಸ್ತ ಸಮುದಾಯದ ಬೇರು ಆದಿಲ್‌ಶಾಹಿ ಕಾಲದವರೆಗೆ ಹೋಗುತ್ತದೆ.

ಹಂತ 8: ಮೂರನೆಯ ದಿನ ಜಲದುರ್ಗ, ಎಚ್ಚರದಿಂದ

ಲಿಂಗಸುಗೂರಿನಿಂದ ಉತ್ತರಕ್ಕೆ ಹೋದರೆ ಕೃಷ್ಣೆ ಎರಡು ಕವಲಾಗಿ ನಡುಗಡ್ಡೆಯನ್ನು ಅಪ್ಪಿಕೊಂಡಿರುವ ಜಾಗ ಬರುತ್ತದೆ. ಅದರ ಎತ್ತರದ ಬಂಡೆಯ ಮೇಲೆ ಜಲದುರ್ಗದ ಕೋಟೆ. ಈ ಭಾಗದಲ್ಲಿ ಕೃಷ್ಣೆ ಸುಮಾರು ಮೂರು ಮೈಲಿಯೊಳಗೆ 400 ಅಡಿಯಷ್ಟು ಕೆಳಕ್ಕೆ ಇಳಿಯುತ್ತದೆ ಎಂದು ನಿಜಾಮರ ಕಾಲದ ಗ್ಯಾಸೆಟಿಯರ್ ಬರೆದಿದೆ. ಬಂಡೆ ಸೀಳಿಕೊಂಡು ಹೋಗುವ ನದಿಯನ್ನು ಕೋಟೆಯ ಅಂಚಿನಿಂದ ನೋಡುವುದೇ ಇಡೀ ಸುತ್ತಾಟದ ದೊಡ್ಡ ನೋಟ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಎಚ್ಚರದ ಮಾತು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಹಳ್ಳಿಗಳಿಗೆ ದಾರಿ ಕಡಿದುಹೋಗುತ್ತದೆ. ಮಳೆಗಾಲದಲ್ಲಿ ಹೊರಡುವ ಮುನ್ನ ಜಲಾಶಯದಿಂದ ಎಷ್ಟು ನೀರು ಬಿಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ನೋಡಿ, ಲಿಂಗಸುಗೂರಿನಲ್ಲಿ ವಿಚಾರಿಸಿ. ಸೇತುವೆಯ ಮೇಲೆ ಒಂದು ಗೇಣು ನೀರಿದ್ದರೂ ದಾಟಬೇಡಿ. ಬೇಸಿಗೆಯಲ್ಲಿ ನದಿ ಶಾಂತವಾಗಿ ಕಂಡರೂ ಈಜಲು ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೇಲಿನಿಂದ ನೀರು ಯಾವಾಗ ಬಂದೀತೆಂದು ಹೇಳಲಾಗದು. ಕೋಟೆಯ ಅಂಚಿನಲ್ಲಿ ತಡೆಗೋಡೆ ಇಲ್ಲದ ಕಡೆಗಳಿವೆ. ಸೆಲ್ಫಿಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ.

ಹಂತ 9: ಹಿಂದಿರುಗುವ ದಾರಿಯಲ್ಲಿ

ಹಟ್ಟಿಯ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿಯದು. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ರಸ್ತೆಯಿಂದಲೇ ನೋಡಿ ಮುಂದೆ ಹೋಗಬೇಕು. ಆದರೆ ಒಂದು ಸಂಗತಿ ತಿಳಿದು ನೋಡಿ: ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಬೆಂಕಿಯಿಂದ ಬಂಡೆ ಕಾಯಿಸಿ ಒಡೆಯುತ್ತಾ 640 ಅಡಿ ಆಳದವರೆಗೆ ಚಿನ್ನದ ಬೆನ್ನು ಹತ್ತಿ ಇಳಿದಿದ್ದರು. ಮಸ್ಕಿಯ ಶಾಸನ ಚಿನ್ನ ಹುಡುಕುವವನಿಗೇ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತಿರದ ಗುರುಗುಂಟಾ ನಿಜಾಮರ ಕಾಲದಲ್ಲಿ ಪುಟ್ಟ ಸಂಸ್ಥಾನವಾಗಿತ್ತು; ಅಲ್ಲಿನ ಅಮರೇಶ್ವರನಿಗೆ ಈ ಸೀಮೆಯಲ್ಲಿ ಅಪಾರ ಭಕ್ತರು.

ಸಿಂಧನೂರಿನ ಮೇಲೆ ಹಿಂದಿರುಗುವವರು ಸೋಮಲಾಪುರದ ಅಂಬಾಮಠಕ್ಕೆ ಹೋಗಿಬನ್ನಿ. ಉತ್ತರ ಕರ್ನಾಟಕದ ಮನೆ, ಗುಡಿಗಳಲ್ಲಿ ನವರಾತ್ರಿಗೆ ಓದುವ ದೇವಿ ಪುರಾಣವನ್ನು ಬರೆದ ಚಿದಾನಂದಾವಧೂತರು ಇದ್ದ ಸಿದ್ಧಪರ್ವತ ಇದೇ. ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ದಾರಿಯಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿರುವ ಆರ್.ಎಚ್. ಕ್ಯಾಂಪುಗಳಿವೆ, ಅಲ್ಲಿ ಹುಟ್ಟಿ ಬೆಳೆದವರ ಕನ್ನಡ ಕೇಳಿ ನೋಡಿ, ಅಪ್ಪಟ ಸಿಂಧನೂರಿನದು.

ಕೊನೆಯದಾಗಿ ಮಸ್ಕಿ, ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳ ಶಿಕ್ಷಕರಲ್ಲಿ ಒಂದು ವಿನಂತಿ. ಶಾಲೆಯ ಪ್ರವಾಸ ಎಂದರೆ ಮೈಸೂರು, ಹಂಪಿ, ವಿಜಯಪುರ ಎಂದೇ ಆಗಿದೆ. ಹೋಗಲಿ, ಅವನ್ನೂ ನೋಡಲಿ. ಅದಕ್ಕೂ ಮೊದಲು ಐದನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವನ್ನೂ ಒಂದು ಸಲ ಮಸ್ಕಿಯ ಗವಿಗೆ ಕರೆದುಕೊಂಡು ಹೋಗಿ, ಆ ಮೊದಲ ಸಾಲನ್ನು ಬೆರಳು ಮುಟ್ಟಿಸದೆ ಕಣ್ಣಿನಿಂದ ಓದಿಸಿ. ಪಾಮನಕಲ್ಲೂರಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಶಾಲೆಗೆ ವಾಪಸು ಬರಬಹುದು.